ತಟ್ಟೆಯಲ್ಲಿ ಬಂದ ಎಂಜಿನ್

ಇನ್ಸಾಫ್ ತನ್ನ ಕಾರಿನ ಎಂಜಿನ್ನಿನ ಮೇಲ್ಭಾಗವನ್ನೆಲ್ಲ ಬಿಚ್ಚಿ, ಮೂರನೆಯ ಮಹಡಿಗೆ ಹೊತ್ತು ತಂದು, ಊಟದ ಮೇಜಿನ ಮೇಲೆ ಹರಡಿಕೊಂಡು ಕೂತದ್ದಕ್ಕೆ ಕಾರಣ ಅವಳ ಮೈದುನ ಶೌಕಿ.

ಶೌಕಿ ಕೆಟ್ಟ ಮನುಷ್ಯನೇನಲ್ಲ. ಅಣ್ಣ ತೀರಿಕೊಂಡ ಮೇಲೆ ತನ್ನ ಪಾಲಿನದನ್ನು ಕೇಳಲು ಬಂದಾಗಲೂ ಅತ್ತಿಗೆಗೆಂದು ಒಂದು ಬುಟ್ಟಿ ಸೀಬೆಹಣ್ಣು ಹೊತ್ತು ತಂದಿದ್ದ. ಅವನು ಕೇಳಿದ್ದೂ ಒಂದೇ ವಸ್ತು. ಅಣ್ಣನ ಹಳೆಯ ನೀಲಿ ಕಾರು.

"ನೀವು ಓಡಿಸ್ತೀರ, ಒಪ್ತೀನಿ ಅತ್ತಿಗೆ. ಆದ್ರೆ ಅದು ಹೆಂಗೆ ಓಡುತ್ತೆ ಅಂತ ಗೊತ್ತೇನು? ಮೊನ್ನೆ ರಶೀದ್ ರಸ್ತೇಲಿ ಹೊಗೆ ಬಂದಾಗ ದುವಾ ಮಾಡ್ತಾ ನಿಂತಿದ್ರಂತೆ."

"ದುವಾ ಮಾಡಿದ್ಮೇಲೆ ಓಡ್ತಲ್ಲ."

"ಅಣ್ಣ ಅದರ ಹೊಟ್ಟೇಲಿರೋದನ್ನೆಲ್ಲ ಬಲ್ಲೋನು. ನಾಳೆ ನೀವು ನಡುದಾರೀಲಿ ನಿಂತ್ರೆ ಜನ ನನ್ನ ಮುಖಕ್ಕೆ ಉಗೀತಾರೆ. ನೋಡಿ, ಶುಕ್ರವಾರ ನಮಾಜ್ ಮುಗಿಸ್ಕೊಂಡು ಬರ್ತೀನಿ. ಬಾನೆಟ್ ತೆಗೆದು ಯಾವುದು ಏನ್ ಮಾಡುತ್ತೆ ಅಂತ ಹೇಳಿ, ಸ್ಟಾರ್ಟ್ ಮಾಡಿ ತೋರ್ಸಿ. ತೋರಿಸಿದ್ರೆ ಕಾರು ನಿಮ್ದು. ಇಲ್ದಿದ್ರೆ ಹಗ್ಗ ಕಟ್ಟಿ ಹಳ್ಳಿಗೆ ಎಳ್ಕೊಂಡು ಹೋಗ್ತೀನಿ. ಪಾರಿವಾಳದ ಗೂಡಿಗಾದ್ರೂ ಆಗುತ್ತೆ."

ಇನ್ಸಾಫ್ ನಕ್ಕು ಚಹಾ ಕೊಟ್ಟಳು. ಆದರೆ ಅವಳ ಶುಕ್ರವಾರಗಳೆಲ್ಲ ಆ ಕಾರಿನಲ್ಲಿದ್ದವು. ರಶೀದ್ ಪಟ್ಟಣದ ಆಚೆ, ಖರ್ಜೂರದ ತೋಪುಗಳ ಹಿಂದೆ, ಬಸ್ಸು ಹೋಗದ ಕಡೆ ಅವಳ ಗೆಳತಿ ಅಲಿಯಾ ಇದ್ದಳು. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಅಲಿಯಾಗೆ ಈಗ ಕಣ್ಣು ಕಾಣದು. ಕಾರಿನ ಸದ್ದು ತೋಪಿನ ತಿರುವಿನಲ್ಲಿ ಕೇಳಿದೊಡನೆ ಅವಳು ಮೀನು ಹುರಿಯಲು ಎಣ್ಣೆ ಕಾಯಿಸುತ್ತಾಳೆಂಬುದು ಮನೆಮಂದಿಗೆಲ್ಲ ಗೊತ್ತು. ಇನ್ಸಾಫಳ ಮೊಣಕಾಲು ಆ ದಾರಿಯನ್ನು ನಡೆಯಲಾರದು. ಕಾರು ಹೋದರೆ ಅಲಿಯಾಳೂ ಹೋದಂತೆ.

ಮೊದಲು ಅವಳು ಬೀದಿಯ ಕೊನೆಯ ಮೆಕ್ಯಾನಿಕ್ ಬರಕಾತನ ಹತ್ತಿರ ಹೋದಳು. ಅವನು ತಂಗಿಯ ಮಗಳ ಮದುವೆಗೆ ಊರಿಗೆ ಹೊರಟು ನಿಂತಿದ್ದ. ಕೈಯಲ್ಲಿ ಇಸ್ತ್ರಿ ಮಾಡಿದ ಅಂಗಿ, ಬಾಯಲ್ಲಿ ಗುಂಡುಸೂಜಿ.

"ತುಂಬ ಸುಲಭ ಅಬ್ಲಾ," ಎಂದ. ಮೂವತ್ತು ವರ್ಷ ಭೂಗೋಳ ಪಾಠ ಹೇಳಿದ ಇನ್ಸಾಫಳನ್ನು ಅಲೆಕ್ಸಾಂಡ್ರಿಯಾದ ಆ ಬೀದಿಯೆಲ್ಲ ಟೀಚರಮ್ಮ ಎನ್ನುವ ಅರ್ಥದಲ್ಲಿ ಅಬ್ಲಾ ಎಂದೇ ಕರೆಯುತ್ತಿತ್ತು. "ಎಂಜಿನ್ ಅಂದ್ರೆ ನಮ್ಮತ್ತೆ ಥರ. ಮೊದ್ಲು ಜೋರಾಗಿ ಉಸಿರೆಳ್ಕೊತಾರೆ. ಆಮೇಲೆ ಹಲ್ಲು ಕಚ್ಚಿ ಬಿಗಿ ಹಿಡೀತಾರೆ. ಆಮೇಲೆ ಸಿಡೀತಾರೆ. ಕೊನೇಗೆ ಹೊಗೆ ಬಿಡ್ತಾರೆ. ಮತ್ತೆ ಮೊದ್ಲಿಂದ. ಇದ್ರಲ್ಲಿ ಅಂಥ ಅತ್ತೇರು ನಾಲ್ಕು ಜನ ಸಾಲಾಗಿ ನಿಂತಿದಾರೆ, ಅಷ್ಟೆ."

"ಮಿಕ್ಕ ಸಾಮಾನೆಲ್ಲ?"

"ಅವರ ಸೇವೆಗೆ," ಎಂದು ಹೇಳಿ, ಪಾನಾಗಳ ಪೆಟ್ಟಿಗೆಯನ್ನು ಅವಳ ಕೈಗಿತ್ತು, ಬರಕಾತ್ ಮದುವೆಗೆ ಹೋದ.

ಇನ್ಸಾಫ್ ಬಿಚ್ಚಲು ಬಂದದ್ದನ್ನೆಲ್ಲ ಬಿಚ್ಚಿದಳು. ಒಂದೊಂದು ಭಾಗವೂ ಜಿಡ್ಡು ಹಿಡಿದು ಕರಿಬೆಕ್ಕಿನ ಹಾಗಿತ್ತು. ಒಂದಕ್ಕೊಂದು ಬೆರೆಯದಿರಲೆಂದು ಪ್ರತಿಯೊಂದನ್ನೂ ಬೇರೆ ಬೇರೆ ತಟ್ಟೆಯಲ್ಲಿಟ್ಟಳು. ತಪ್ಪಾದದ್ದು ಅಲ್ಲೇ, ಆ ತಟ್ಟೆಗಳಲ್ಲಿ.

ಸುದ್ದಿ ಹಬ್ಬಲು ಎಷ್ಟು ಹೊತ್ತು ಬೇಕು? ಎರಡನೆಯ ಮಹಡಿಯ ಬಿಶಾರಾ, ಟ್ರಾಮಿನ ನಿವೃತ್ತ ಕಂಡಕ್ಟರ್, ಬಾಲ್ಕನಿಯಿಂದ ಕತ್ತು ಮೇಲೆತ್ತಿ ಕೂಗಿದ: "ಅಬ್ಲಾ, ಆ ಪ್ಲಗ್ಗುಗಳನ್ನ ಇಳಿಸಿ ಇಲ್ಲಿ. ಟ್ರಾಮಿನ ಗಂಟೆ ಉಜ್ಜಿದ ಕೈ ಇದು, ಫಳಫಳ ಮಾಡ್ಕೊಡ್ತೀನಿ."

ಎದುರು ಮನೆಯ ದರ್ಜಿ ಕೌಸರ್ ಬಿಡುತ್ತಾಳೆಯೇ? "ಕಾರ್ಬೊರೇಟರ್ ನನಗೆ ಕೊಡಿ! ಸಣ್ಣ ಸಣ್ಣ ತೂತು ಅಂದ್ರೆ ಸೂಜಿ ಹಿಡಿಯೋರ ಕೆಲಸ. ಆ ಮುದುಕನ ಕೈಗೆ ಕೊಟ್ಟೀರಿ ಜೋಕೆ, ಟಿಕೆಟ್ ಥರ ಹರಿದುಬಿಟ್ಟಾನು."

ದಿನವೂ ರೊಟ್ಟಿ, ತರಕಾರಿ ಏರಿಳಿಯುವ ಹಗ್ಗದ ಬುಟ್ಟಿಯಲ್ಲಿ ಅಂದು ಎಂಜಿನ್ ಇಳಿಯಿತು. ಮನೆ ಮನೆಯಲ್ಲೂ ಒಂದೊಂದು ಭಾಗಕ್ಕೆ ಬಿಸಿನೀರಿನ ಸ್ನಾನವಾಯಿತು. ಕೌಸರ್ ಕಾರ್ಬೊರೇಟರನ್ನು ಮಗುವಿನ ಟವೆಲಿನಲ್ಲಿ ಸುತ್ತಿ ಒರೆಸಿದಳು. ಬಿಶಾರಾ ಪ್ಲಗ್ಗುಗಳನ್ನು ನಿಂಬೆ, ಬೂದಿ ಹಾಕಿ ತಿಕ್ಕುತ್ತಾ ಅವುಗಳಿಗೆ ತನ್ನ ನೌಕರಿಯ ಕಥೆ ಹೇಳಿದ.

ಕಷ್ಟ ಶುರುವಾದದ್ದು ವಾಪಸು ಕಳಿಸುವಾಗ. ಆ ಬೀದಿಯಲ್ಲಿ ನೆರೆಮನೆಯ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಿದವರು ಇಲ್ಲವೇ ಇಲ್ಲ. ತಟ್ಟೆಯಲ್ಲಿ ಪ್ಲಗ್ಗುಗಳಿವೆಯಲ್ಲ ಎನ್ನಬಹುದು. ಆದರೆ ಪ್ಲಗ್ಗು ಇನ್ಸಾಫಳದ್ದೇ. ಕೊಡುವವರ ಕಡೆಯಿಂದ ನೋಡಿದರೆ ತಟ್ಟೆ ಖಾಲಿಯೇ ಅಲ್ಲವೇ? ಬಿಶಾರಾ ಮನೆಯೆಲ್ಲ ಹುಡುಕಿದ. ಖರ್ಜೂರವಿತ್ತು. ಆದರೆ ಎಂಜಿನ್ನಿನ ತಟ್ಟೆಗೆ ಖರ್ಜೂರವೇ? ಕೊನೆಗೆ ಹಳೆಯ ಟ್ರಾಮ್ ಗಂಟೆಯ ನಾಲಗೆಯನ್ನು ತಿಕ್ಕಿ ಹೊಳೆಯಿಸಿ ಪ್ಲಗ್ಗುಗಳ ನಡುವೆ ಇಟ್ಟ. ಕೌಸರ್ ಹೊಲಿಗೆಯಂತ್ರದ ಒಂದು ಚಕ್ರವನ್ನೂ ಒಂದು ಸ್ಪ್ರಿಂಗನ್ನೂ ಸೇರಿಸಿದಳು. ಕಾಫಿ ಅಂಗಡಿಯಿಂದ ಹಿತ್ತಾಳೆಯ ನಲ್ಲಿ ಬಂತು. ಕ್ಷೌರದಂಗಡಿಯವನು ತನ್ನ ಕುರ್ಚಿಯನ್ನು ಮೇಲೆ ಕೆಳಗೆ ಮಾಡುವ ಹಲ್ಲುಪಟ್ಟಿಯನ್ನೇ ಬಿಚ್ಚಿಕೊಟ್ಟ. ಅವನ ಗಿರಾಕಿಗಳು ಆ ವಾರವಿಡೀ ಮುಖವನ್ನು ಮೊಣಕಾಲಿನ ಎತ್ತರದಲ್ಲಿಟ್ಟುಕೊಂಡು ಗಡ್ಡ ಹೆರೆಸಿಕೊಂಡರು. ಒಬ್ಬರೂ ಗೊಣಗಲಿಲ್ಲ.

ಗುರುವಾರದ ಹೊತ್ತಿಗೆ ಮೇಜಿನ ಮೇಲೆ ಒಂದೂವರೆ ಎಂಜಿನ್ ಇತ್ತು.

ಎಲ್ಲವೂ ಒಂದೇ ಸಮನೆ ಮಿನುಗುತ್ತಿದ್ದವು. ಇನ್ಸಾಫ್ ಬಾಲ್ಕನಿಗೆ ಬಂದು, "ಯಾರ್ಯಾರು ಏನೇನು ಇಟ್ಟಿದ್ದೀರಪ್ಪ, ಹೇಳಿಬಿಡಿ," ಎಂದು ಅಂಗಲಾಚಿದಳು. ಬೀದಿಯೆಲ್ಲ ಮುಖ ತಿರುಗಿಸಿತು. ಕೊಟ್ಟದ್ದನ್ನು ಬಾಯಿಬಿಟ್ಟು ಹೇಳುವುದುಂಟೆ?

"ನಾನೇನೂ ಇಟ್ಟಿಲ್ಲಮ್ಮ," ಎಂದಳು ಕೌಸರ್, ದಾರ ಕಚ್ಚುತ್ತಾ. "ಎಲ್ಲ ನಿಮ್ಮ ಎಂಜಿನ್ನಿಂದೇ. ಕೊಳೆಯೊಳಗೆ ಅಡಗಿತ್ತು, ತೊಳೆದ್ಮೇಲೆ ಕಾಣಿಸ್ತು."

"ಗಂಟೆಯ ನಾಲಗೆಯೂ?"

"ಅದು ಹಾರನ್ನಿಂದಿರಬೇಕು," ಎಂದ ಬಿಶಾರಾ, ಆಕಾಶ ನೋಡುತ್ತಾ.

ಇನ್ಸಾಫ್ ಒಳಗೆ ಬಂದು ಮೇಜಿನ ಮುಂದೆ ಕೂತಳು. ತಲೆಬುಡ ತಿಳಿಯಲಿಲ್ಲ. ಅಳು ಬರುವಂತಿತ್ತು. ಆಗ ಅವಳಿಗೆ ತನ್ನ ಹಳೆಯ ತರಗತಿ ನೆನಪಾಯಿತು. ನದಿಯ ಪಾಠವಿದ್ದ ದಿನ ಪಕ್ಕದ ತರಗತಿಯ ಹುಡುಗಿಯರೂ ನುಸುಳಿ ಬಂದು ಕೂರುತ್ತಿದ್ದರು. ಯಾರು ಹೊರಗಿನವರೆಂದು ಅವಳು ಎಂದೂ ಕೇಳಿದವಳಲ್ಲ. ನದಿ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಕೇಳುತ್ತಿದ್ದಳು. ಉತ್ತರ ಹೇಳಲಾಗದವರು ತಾವೇ ತಲೆ ತಗ್ಗಿಸುತ್ತಿದ್ದರು.

ಅವಳು ಕಾರ್ಬೊರೇಟರನ್ನು ಎತ್ತಿಕೊಂಡಳು. "ಎಲ್ಲಿಂದ ಬಂದೆ ಮಗಳೇ? ಏನು ತಂದೆ? ಯಾರಿಗೆ ಕೊಟ್ಟೆ?"

ನಿಧಾನವಾಗಿ ಎಂಜಿನ್ ಉತ್ತರ ಹೇಳತೊಡಗಿತು. ಹಿಂದಿನ ಟ್ಯಾಂಕಿನಿಂದ ಪೆಟ್ರೋಲು ಬರುತ್ತದೆ, ದಕ್ಷಿಣದಿಂದ ನೈಲ್ ಬರುವ ಹಾಗೆ. ಮೇಲಿನ ಫಿಲ್ಟರಿನ ಕಡೆಯಿಂದ ಗಾಳಿ. ಇವೆರಡೂ ಕಾರ್ಬೊರೇಟರಿನಲ್ಲಿ ಕೂಡುತ್ತವೆ. ಅಲ್ಲಿಂದ ನಾಲ್ಕು ಕವಲು, ಥೇಟ್ ನಮ್ಮ ಮುಖಜ ಭೂಮಿಯಂತೆ. ಕವಲಿನ ಕೊನೆಯಲ್ಲಿ ಬರಕಾತನ ಅತ್ತೆಯರು ಬಾಯಿ ತೆರೆದು ಕಾದಿದ್ದಾರೆ. ವಾಲ್ವುಗಳು ಆ ಬಾಯಿಗಳು. ಕಾವು ತಗ್ಗಿಸಲು ನೀರಿನದೊಂದು ಬೇರೆ ನದಿ. ಬ್ಯಾಟರಿಯಿಂದ ಕಿಡಿಯದು ಇನ್ನೊಂದು. ಈ ಯಾವ ನದಿಯ ದಡದಲ್ಲೂ ಜಾಗ ಸಿಗದವರು ಅತಿಥಿಗಳು. ಹೊಲಿಗೆಚಕ್ರ, ನಲ್ಲಿ, ಹಲ್ಲುಪಟ್ಟಿ, ಗಂಟೆಯ ನಾಲಗೆ ಒಂದೊಂದಾಗಿ ತಲೆ ತಗ್ಗಿಸಿದವು. ಅವನ್ನೆಲ್ಲ ಅವಳು ಮರ್ಯಾದೆಯಿಂದ ಸೋಫಾದ ಮೇಲೆ ಕೂರಿಸಿದಳು.

ಶುಕ್ರವಾರ ಶೌಕಿ ಹಗ್ಗದೊಂದಿಗೆ ಬಂದ. ಬೀದಿಯ ಜನ ಕುರ್ಚಿ ಹಾಕಿಕೊಂಡು ಕೂತಿದ್ದರು. ಬೆಳಗಿನಿಂದ ಎಲ್ಲವನ್ನೂ ತಿರುಗಿ ಜೋಡಿಸಿ ಕೈಯೆಲ್ಲ ಕಪ್ಪಾಗಿದ್ದ ಇನ್ಸಾಫ್ ಬಾನೆಟ್ ತೆರೆದು, ಅಳತೆಕೋಲಿನಿಂದ ಒಂದೊಂದನ್ನೇ ಮುಟ್ಟಿ ನೈಲ್ ನದಿಯಿಂದ ಹೊಗೆಕೊಳವೆಯ ತನಕ ಪಾಠ ಹೇಳಿದಳು. ಶೌಕಿಯ ಹುಬ್ಬು ಮೇಲೇರುತ್ತಾ ಹೋಯಿತು.

"ಸರಿ, ಹೇಳಿದ್ದಾಯ್ತು. ಇನ್ನು ಸ್ಟಾರ್ಟ್ ಮಾಡಿ ಅತ್ತಿಗೆ."

ಅವಳು ಕೀಲಿ ತಿರುಗಿಸಿದಳು. ಎಂಜಿನ್ ಗರಗರ ತಿರುಗಿತು, ಹೊತ್ತಿಕೊಳ್ಳಲಿಲ್ಲ. ಮತ್ತೆ ತಿರುಗಿಸಿದಳು. ಇಲ್ಲ. ಶೌಕಿ ಮೆಲ್ಲನೆ ಹಗ್ಗದ ಗಂಟು ಬಿಚ್ಚತೊಡಗಿದ. ಪಾಪ, ಅವನಿಗೂ ಅವಳ ಮುಖ ನೋಡಲಾಗುತ್ತಿರಲಿಲ್ಲ.

"ತಡಿ ಶೌಕಿ." ಇನ್ಸಾಫ್ ಕೆಳಗಿಳಿದು ಮತ್ತೆ ಬಗ್ಗಿದಳು. ಪೆಟ್ರೋಲಿನ ವಾಸನೆ ಇದೆ, ಗಾಳಿ ಇದೆ. ಹಾಗಾದರೆ ಕಿಡಿ? ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದಳು. ನಡುವೆ ಒಂದು ದಪ್ಪ ತಂತಿ ಒಳಬರುತ್ತದೆ. ಸುತ್ತ ನಾಲ್ಕು ತಂತಿ ಹೊರಹೋಗುತ್ತವೆ. ಒಳಗೆ ಬರೀ ಟೊಳ್ಳು. "ಕಾಲುವೆ ಇದೆ, ತೂಬಿಲ್ಲ," ಎಂದಳು ತನಗೆ ತಾನೇ. "ಇಲ್ಲಿ ಒಬ್ಬರು ನಿಂತು ಸುತ್ತುತ್ತಾ ನಾಲ್ಕೂ ಜನಕ್ಕೆ ಬೆಂಕಿ ಹಂಚಬೇಕು. ಹಂಚೋರೇ ಇಲ್ಲ! ಕಂದು ಬಣ್ಣದ್ದು, ತಲೆ ಮೇಲೆ ಹಿತ್ತಾಳೆ ಪಟ್ಟಿ... ಅಯ್ಯೋ, ಅದನ್ನ ಎಲ್ಲಿಟ್ಟೆ?"

ನೆನಪಾಯಿತು. ತಟ್ಟೆಗಳು ಮುಗಿದಿದ್ದರಿಂದ ಆ ಪುಟ್ಟ ತುಂಡನ್ನು ಹಬ್ಬಕ್ಕೆ ಸಿಹಿ ಹಂಚುವ ಚಿನ್ನದಂಚಿನ ತಟ್ಟೆಯಲ್ಲಿಟ್ಟು ನೆಲಮಹಡಿಯ ಉಮ್ಮ್ ಹಾಶಿಮಳಿಗೆ ಇಳಿಸಿದ್ದಳು. ತಟ್ಟೆ ವಾಪಸು ಬಂದಾಗ ಅದರ ತುಂಬ ಪಿಸ್ತಾ ಉದುರಿಸಿದ ಅಕ್ಕಿಪಾಯಸ. ಚೆನ್ನಾಗಿದೆಯೆಂದು ಉಂಡಿದ್ದಳು, ಅಷ್ಟೆ.

ಉಮ್ಮ್ ಹಾಶಿಮಳ ಮನೆಗೆ ಎಲ್ಲರೂ ನುಗ್ಗಿದರು. ಗಾಜಿನ ಬೀರುವಿನಲ್ಲಿ, ಮಗಳ ಮದುವೆಯ ಫೋಟೋ ಪಕ್ಕ, ಕಸೂತಿಯ ಬಟ್ಟೆಯ ಮೇಲೆ ಆ ತುಂಡು ಕೂತಿತ್ತು.

"ಎಷ್ಟು ದಿನದಿಂದ ಹೇಳ್ಬೇಕು ಅಂತಿದ್ದೆ ಅಬ್ಲಾ," ಎಂದಳು ಉಮ್ಮ್ ಹಾಶಿಮ್, ಕಣ್ಣಂಚು ಒದ್ದೆ ಮಾಡಿಕೊಂಡು. "ಇದೇನು ಅಂತ ನಂಗೆ ಗೊತ್ತಿಲ್ಲ. ಆದ್ರೂ ಹಬ್ಬದ ತಟ್ಟೇಲಿ ಕಳಿಸಿದ್ರಲ್ಲ! ಗಂಡ ಹೋದ್ಮೇಲೆ ನನಗೆ ಅಂತ ಯಾರೂ ಏನೂ ಕಳ್ಸಿರಲಿಲ್ಲ."

ಕೊಟ್ಟ ಉಡುಗೊರೆಯನ್ನು ವಾಪಸು ಕೊಡು ಎನ್ನುವುದು ಹೇಗೆ? ಬಾಗಿಲಲ್ಲಿ ಹಗ್ಗ ಹಿಡಿದು ನೋಡುತ್ತಿರುವ ಶೌಕಿ. ತೋಪಿನಾಚೆ ಕಿವಿಗೊಟ್ಟು ಕೂತ ಅಲಿಯಾ. ಉಳಿದದ್ದು ಒಂದೇ ದಾರಿ. ಇನ್ಸಾಫ್ ಬೀರುವಿನ ಹತ್ತಿರ ಹೋಗಿ, "ಎಷ್ಟು ಚೆನ್ನಾಗಿದೆ ಇದು," ಎಂದಳು.

ಉಮ್ಮ್ ಹಾಶಿಮ್ ತಟ್ಟನೆ, "ನಿಮ್ದೇ, ತಗೊಳ್ಳಿ," ಎಂದಳು. ಯಾರಾದರೂ ಮನೆಯ ವಸ್ತುವನ್ನು ಹೊಗಳಿದರೆ ಹಾಗೆನ್ನಲೇಬೇಕು. ಮೂರು ಸಲ ಅನ್ನಬೇಕು. ಮೂರು ಸಲವೂ ಎದುರಿನವರು ಬೇಡವೆನ್ನಬೇಕು. ಕೊನೆಗೆ ವಸ್ತು ಇದ್ದಲ್ಲೇ ಇರುತ್ತದೆ, ಮರ್ಯಾದೆಯೂ ಉಳಿಯುತ್ತದೆ. ಆ ನಗರದ ಬೀರುಗಳೆಲ್ಲ ನಿಂತಿರುವುದೇ ಈ ನಂಬಿಕೆಯ ಮೇಲೆ.

ಇನ್ಸಾಫ್ ಕಣ್ಣು ಮುಚ್ಚಿಕೊಂಡು, "ಆಗ್ಲಿ," ಎಂದಳು. ತೆಗೆದುಕೊಂಡಳು.

ಕೌಸರಳ ಕೈಯಿಂದ ಸೂಜಿ ಬಿತ್ತು. ಬಿಶಾರಾ ಶಿಲುಬೆಯ ಗುರುತು ಹಾಕಿಕೊಂಡ. ಉಮ್ಮ್ ಹಾಶಿಮ್ ಇನ್ಸಾಫಳ ಕಪ್ಪಾದ ಬೆರಳುಗಳನ್ನು ನೋಡಿದಳು. ಬೀರುವಿನಿಂದ ಕಸೂತಿಯ ಬಟ್ಟೆಯನ್ನೂ ತೆಗೆದು, "ಕೈ ಒರೆಸ್ಕೊಳ್ಳಿ," ಎಂದು ಕೊಟ್ಟಳು.

"ಶುಕ್ರವಾರ ಶುಕ್ರವಾರ ನನ್ನ ಜೊತೆ ಬಾ," ಎಂದಳು ಇನ್ಸಾಫ್, ಬಟ್ಟೆಯನ್ನು ಎದೆಗವಚಿಕೊಂಡು. "ಅಲಿಯಾಗೆ ನಿನ್ನ ಪಾಯಸ ಇಷ್ಟವಾಗುತ್ತೆ. ಕಾರು ಉಳಿದ್ರೆ."

ತುಂಡು ತನ್ನ ಜಾಗದಲ್ಲಿ ಕೂತಿತು. ಮುಚ್ಚಳ ಮೇಲೆ ಬಿತ್ತು. ಕೀಲಿ ತಿರುಗಿಸಿದೊಡನೆ ನಾಲ್ವರು ಅತ್ತೆಯರೂ ಸರದಿಯ ಪ್ರಕಾರ ಸಿಡಿದರು. ಬೀದಿಯಲ್ಲಿ ಹರ್ಷದ ಕೇಕೆ ಎದ್ದಿತು. ಪಾರಿವಾಳಗಳು ಹಾರಿದವು. ಆ ಗದ್ದಲದಲ್ಲಿ ಶೌಕಿ ಮೈಮರೆತು, "ಆಹಾ, ಎಂಥ ಕಾರು!" ಎಂದುಬಿಟ್ಟ.

ಶೌಕಿ ನಾಲಗೆ ಕಚ್ಚಿಕೊಂಡ. ಆದರೆ ಹೊಗಳಿದ್ದು ಹೊಗಳಿದ್ದೇ.

ಇನ್ಸಾಫಳಿಗೆ ಬೇರೆ ದಾರಿಯಿರಲಿಲ್ಲ. "ನಿಂದೇ ಶೌಕಿ, ತಗೋ," ಎಂದಳು ಕ್ಷೀಣವಾಗಿ. ಅವನು ಬೇಡವೆನ್ನಬೇಕಿತ್ತು. ಅನ್ನಲಿಲ್ಲ. ತಪ್ಪೆನ್ನುವಂತೆಯೂ ಇರಲಿಲ್ಲ. ಈಗಷ್ಟೇ ಅವನ ಕಣ್ಣೆದುರಿಗೇ ಮೊದಲ ಸಲಕ್ಕೇ "ಆಗ್ಲಿ" ಎಂದವಳು ಅವಳೇ. ಅವನು ಹಗ್ಗವನ್ನೊಮ್ಮೆ ನೋಡಿದ, ಕಾರನ್ನೊಮ್ಮೆ ನೋಡಿದ.

"ತಗೋ ಶೌಕಿ," ಎಂದಳು ಎರಡನೆಯ ಸಲ. ಅವಳ ಕಪ್ಪು ಬೆರಳುಗಳು ಸ್ಟೇರಿಂಗನ್ನು ಬಿಗಿಯಾಗಿ ಹಿಡಿದಿದ್ದವು. ಅವನು ಅವುಗಳನ್ನೂ ನೋಡಿದ.

ಇನ್ನುಳಿದದ್ದು ಒಂದು ಸಲ. ಅಕ್ಸಿಲರೇಟರ್ ಒತ್ತಿದರೆ ಏನಾಗುತ್ತದೆಂದು ಇನ್ಸಾಫಳಿಗೆ ಈಗ ಚೆನ್ನಾಗಿ ಗೊತ್ತಿತ್ತು. ಕಾರ್ಬೊರೇಟರಿನ ಗಂಟಲಲ್ಲಿ ಒಂದು ಬಾಗಿಲು ತೆರೆಯುತ್ತದೆ. ಗಾಳಿ ನುಗ್ಗುತ್ತದೆ, ಅದರ ಹಿಂದೆ ಪೆಟ್ರೋಲು ನುಗ್ಗುತ್ತದೆ. ಅವಳು ಆ ಬಾಗಿಲನ್ನು ಪೂರ್ತಿ ತೆರೆದಳು. ಎಂಜಿನ್ ಬೀದಿಯ ಕಿಟಕಿಗಳೆಲ್ಲ ಅದುರುವಂತೆ ಬೊಬ್ಬಿರಿಯಿತು. ಅದರ ನಡುವೆ ಅವಳ ತುಟಿಗಳು ಆ ಮಾತನ್ನು ನಿಯಮದ ಪ್ರಕಾರ ಮೂರನೆಯ ಸಲ ಆಡಿದವು.

ಶೌಕಿಯ ಕಿವಿ ಬಲು ಚುರುಕು. ಗೂಡಿನೊಳಗೆ ಮೊಟ್ಟೆ ಒಡೆದರೂ ಅಂಗಳದಿಂದಲೇ ಕೇಳಿಸಿಕೊಳ್ಳುವವನು. ಅವನು ಕಿವಿಗೆ ಕೈಯಾನಿಸಿ, ಬೀದಿಗೆಲ್ಲ ಕೇಳುವಂತೆ ಕೂಗಿದ:

"ಏನಂದ್ರಿ ಅತ್ತಿಗೆ? ಏನೂ ಕೇಳಿಸ್ತಿಲ್ಲ! ಹೊತ್ತಾಯ್ತು, ಹೊರಡಿ, ಹೊರಡಿ! ಅಲ್ಲಿ ಎಣ್ಣೆ ಕಾಯ್ತಿರುತ್ತೆ!"

ಮತ್ತೆ ಬಗ್ಗಿ, ಚಕ್ರದ ಮುಂದಿದ್ದ ಕಲ್ಲನ್ನು ತನ್ನ ಕೈಯಾರೆ ತೆಗೆದು ಪಕ್ಕಕ್ಕಿಟ್ಟ.