ಅಂಚಿನಲ್ಲಿ ಉಳಿದ ಕೈ

ಹೆಬ್ಬೆರಳು, ಬರೀ ಹೆಬ್ಬೆರಳು, ಮುಂದಿನ ಸೀಟಿನ ಹುಡುಗ ಮೊಬೈಲಿನ ಮೇಲೆ ಅದನ್ನು ಕೆಳಗಿಂದ ಮೇಲಕ್ಕೆ ತಳ್ಳುತ್ತಲೇ ಇದ್ದಾನೆ, ಬೆಂಕಿ ಬಿದ್ದದ್ದು ಹೋಯಿತು, ಮದುವೆ ಹೋಯಿತು, ಸೇತುವೆ ಕುಸಿದದ್ದೂ ಹೋಯಿತು, ಒಂದಕ್ಕಾದರೂ ನಿಲ್ಲೋ ಪುಣ್ಯಾತ್ಮ — ಹಿಂದೆ ಕೂತವನಿಗೆ ಬೈಯಬೇಕೆನಿಸಿತು, ಹಲ್ಲು ಕಚ್ಚಿದ, ಮೂಗಿನ ತುದೀಲೇ ಕೋಪ ಅಂತ ಹೆಂಡತಿ ಸುಮ್ಮನೆ ಅನ್ನುವುದಿಲ್ಲ, ಬಸ್ಸು ಹಳ್ಳಿಯಿಂದ ಪೇಟೆಗೆ ವಾಪಸ್ ಹೊರಟಿದೆ, ಬೆಳಿಗ್ಗೆಯಿಂದ ಮನೆ ಮನೆ ಅಲೆದದ್ದಾಯಿತು, ಪೇಪರ್ ಓದ್ತೀರಾ, ಹಳ್ಳಿ ಪುಟ ನೋಡ್ತೀರಾ, ಇಪ್ಪತ್ತು ವರ್ಷ ಆ ಹಳ್ಳಿ ಪುಟ ಕಟ್ಟಿದವನನ್ನೇ ಅದನ್ನು ಯಾರು ಓದುತ್ತಾರೆ ಕೇಳಿಕೊಂಡು ಬಾ ಅಂತ ಪತ್ರಿಕೆಯ ಯಜಮಾನರು ಅಟ್ಟಿದ್ದರು, ಹುಡುಗರು ನೋಡಲ್ಲ ಅಂದರೆ ಮುಚ್ಚಿಬಿಡೋಣ ಕಣಯ್ಯಾ, ಪುಟ ಮುಚ್ಚಿದರೆ ತಾನೂ ಮನೆಗೆ, ಅದನ್ನವರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಕನ್ನಡಿ ಒರೆಸೋಕೆ ನಿಮ್ಮ ಪೇಪರೇ ಚೆನ್ನ, ಚೂರೂ ಕಲೆ ಉಳಿಯಲ್ಲ ಅಂದ ಕ್ಷೌರದಂಗಡಿಯವನು, ಹೊಗಳಿಕೆ ಅಂತಲೇ ಅಂದ ಪಾಪ, ಅಂಗಡಿ ಮುಂದೆ ಕೂತ ಕಾಲೇಜು ಹುಡುಗರು ನಕ್ಕರು, ನಮ್ಮೂರ ಸುದ್ದೀನ ನಮಗೇ ಮೂರು ದಿನ ಬಿಟ್ಟು ಹೇಳ್ತೀರಲ್ಲ ಅಂಕಲ್ — ಬಾಯಿಗೆ ಬಂದದ್ದನ್ನು ನುಂಗಿಕೊಂಡ, ಓದದಿದ್ದರೆ ನಿಮ್ಮ ಕರ್ಮ, ನನ್ನ ಅನ್ನ ಯಾಕ್ರೋ ಕಿತ್ತುಕೊಳ್ತೀರಿ — ಹೆಬ್ಬೆರಳು, ಆ ಕೊನೇ ಮನೆಯ ಹುಡುಗಿಯದೂ ಹೆಬ್ಬೆರಳೇ, ಉಗುರು ಸೀಳಿ ಮತ್ತೆ ಕೂಡಿಕೊಂಡದ್ದು, ಪೇಪರ್ ನಾನು ಓದಲ್ಲ ಅಂದಳು ಮೊಬೈಲಿನಿಂದ ಕಣ್ಣೆತ್ತದೆ, ಹೋಗಲಿ ಅಂತ ಎದ್ದರೆ ಅವಳಜ್ಜಿ ಬಿಡಬೇಕಲ್ಲ, ಬಾಪ್ಪಾ ಇಲ್ಲಿ, ನಿಮ್ಮ ಪೇಪರಲ್ಲಿ ನನ್ನ ಮೊಮ್ಮಗಳು ಬಂದಿದ್ದಾಳೆ, ಒಳಗೆ ಎಳೆದುಕೊಂಡು ಹೋಗಿ ಬೀರುವಿನ ಬಾಗಿಲು ತೋರಿಸಿದಳು, ಅಲ್ಲಿ ಅಂಟಿಸಿದ ತುಂಡು, ವಾಲಿಬಾಲ್ ಗೆದ್ದ ಹುಡುಗಿಯರಿಗೆ ಬಹುಮಾನ, ಚಿತ್ರದ ತುಂಬ ಮುಖ್ಯ ಅತಿಥಿ, ಅವರ ಹಲ್ಲು, ಅವರ ಹೊಟ್ಟೆ — ಮೊಮ್ಮಗಳೆಲ್ಲಿ ಅಜ್ಜಿ? ಇಕೋ, ಅಜ್ಜಿಯ ಬೆರಳು ಅಂಚಿಗೆ ಹೋಗಿ ನಿಂತಿತು, ಟ್ರೋಫಿಯ ಹಿಡಿ, ಹಿಡಿಯ ಮೇಲೊಂದು ಕೈ, ಹೆಬ್ಬೆರಳಿಗೆ ಬಿಳಿ ಬ್ಯಾಂಡೇಜು, ಮೊಣಕೈಗೆ ಕಚಕ್, ಚಿತ್ರ ಅಲ್ಲಿಗೇ ಮುಗಿದಿತ್ತು. ಅವಳದೇ ಕೈ ಕಣಪ್ಪಾ, ಬಂದೋರಿಗೆಲ್ಲ ತೋರಿಸ್ತೀನಿ. ಸಾಕು ಬಿಡಜ್ಜಿ, ಅಂದಳು ಹುಡುಗಿ, ಆಮೇಲೆ ಅವನ ಕಡೆ ತಿರುಗಿ, ಅವತ್ತು ಐದು ಪೇಪರ್ ತಗೊಂಡಿದ್ದೆ ಅಂಕಲ್, ಅಷ್ಟೇ ಅಂದಳು, ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನೆನಪಿದೆ, ಯಾಕಿಲ್ಲ, ಅವತ್ತು ಜಾಹೀರಾತು ತಡವಾಗಿ ಬಂದಿತ್ತು, ಜಾಗ ಸಾಲದು, ಅತಿಥಿ ಬೇಕೇ ಬೇಕು, ಎಡಗಡೆ ಸಾಲಾಗಿ ಹುಡುಗಿಯರು, ಮೌಸ್ ಹಿಡಿದು ಚಿತ್ರದ ಅಂಚನ್ನು ಒಳಕ್ಕೆ ಎಳೆದ, ಇನ್ನೊಂಚೂರು ಎಳೆದರೆ ಟ್ರೋಫಿಯೇ ತುಂಡಾಗುತ್ತೆ ಅಂತ ಅಲ್ಲಿಗೆ ಬಿಟ್ಟ, ಟ್ರೋಫಿ ಉಳಿಸಿದೆ ಅಂತ ಬೀಗಿದ್ದ ಬೇರೆ — ನಾಳೆ ಯಜಮಾನರ ಮುಂದೆ ನಿಂತು ಏನನ್ನುವುದು, ಹುಡುಗರು ಓದಲ್ಲ ಸರ್, ಅನ್ನಬಹುದು, ಓದೋಕೆ ಒಬ್ಬಳು ಬಂದಿದ್ದಳು ಸರ್, ನಾನೇ ಕತ್ತರಿಸಿ ಹಾಕಿದೆ, ಅನ್ನಬಹುದಾ, ಹಾಗಂದಮೇಲೆ ಪುಟ ಉಳಿದು ತಾನು ಮಾತ್ರ ಹೋಗುವಂತಾದರೆ — ಬಸ್ಸು ಕುಲುಕಿತು, ಹುಡುಗ ಮೊಬೈಲು ಜೇಬಿಗಿಳಿಸಿ ತೂಕಡಿಸುತ್ತಿದ್ದಾನೆ, ಸದ್ಯ, ನಿಂತಿತಲ್ಲ ಹೆಬ್ಬೆರಳು, ಕಣ್ಣು ಮುಚ್ಚಿದ, ಎಡಗಡೆ ಅಂಚು, ಟ್ರೋಫಿಯ ಹಿಡಿ, ಬಿಳಿ ಬ್ಯಾಂಡೇಜು, ಮೊಣಕೈ, ಮೊಣಕೈಯಿಂದಾಚೆ ಬರೀ ಖಾಲಿ ಕಾಗದ, ಆದರೂ ಹಿಡಿತ ಬಿಟ್ಟಿಲ್ಲ ಆ ಕೈ, ಆ ಕೈ