ಓ ಗುಂಪಿನ ಬೀಗರು

ಬಸಲಿಂಗಮ್ಮ ಹುಗ್ಗಿಯ ಸೌಟು ಹಿಡಿದು ಬಗ್ಗಿದ್ದೇ ತಡ, ಬೆನಕಪ್ಪ ಎರಡೂ ಕೈಗಳನ್ನು ತಟ್ಟೆಯ ಮೇಲೆ ಅಡ್ಡ ಹಿಡಿದುಬಿಟ್ಟ.

"ಸಾಕ್ರಿ ತಾಯಿ, ಸಾಕು," ಅಂದ. ತಟ್ಟೆಗೆ ಇನ್ನೂ ಒಂದು ಹನಿಯೂ ಬಿದ್ದಿರಲಿಲ್ಲ.

"ಹಾಕೇ ಇಲ್ಲಲ್ರಿ ಅಣ್ಣಾರ. ನಿಮಗಂತನ ಮುಂಜಾನಿಂದ ಒಲಿ ಮುಂದ ನಿಂತು ತಿರುವೀನಿ. ಒಂದ್ ಸೌಟು ಹಾಕಿಸ್ಕೊಳ್ರಿ."

ಗೋಧಿ ಹುಗ್ಗಿ. ಬೆಲ್ಲ, ಏಲಕ್ಕಿ, ಗಸಗಸೆ, ಒಣಕೊಬ್ಬರಿ, ಮೇಲೆ ಧಾರಾಳವಾಗಿ ಹೊಯ್ದ ತುಪ್ಪ. ಅದರ ಹಬೆ ಬೆನಕಪ್ಪನ ಮೂಗು ಹೊಕ್ಕು ಸೀದಾ ಹೊಟ್ಟೆಗೇ ಇಳಿಯಿತು. ಹಾಳು ಬಾಯಿ, ನಾಚಿಕೆ ಬಿಟ್ಟು ನೀರೂರಿಸಿಕೊಂಡಿತು. ಆದರೂ ಅವನು ಕೈ ತೆಗೆಯಲಿಲ್ಲ. ಬಸಲಿಂಗಮ್ಮ ಸೌಟನ್ನು ಪಾತ್ರೆಗೆ ವಾಪಸು ಹಾಕಿ, ಸಣ್ಣ ಮುಖ ಮಾಡಿಕೊಂಡು ಅಡುಗೆಮನೆಗೆ ಹೋದಳು.

ಹುಗ್ಗಿ ಬೇಡ ಅಂದದ್ದು ಅಷ್ಟು ದೊಡ್ಡ ಮಾತೇ ಅಂತ ಬೇರೆ ಊರಿನವರು ಕೇಳಬಹುದು. ದೊಡ್ಡ ಮಾತೇ. ಬೆನಕಪ್ಪ ಕೊಟ್ಟೂರಿನಲ್ಲಿ ಮಂಡಕ್ಕಿ ಭಟ್ಟಿ ನಡೆಸುವವನು. ಹೆಂಡತಿ ಕೊಟ್ರಮ್ಮ, ಅಕ್ಕ ನಾಗಲಿಂಗಮ್ಮನ ಜೊತೆ ಈ ದಿನ ಹಡಗಲಿ ತಾಲೂಕಿನ ಇಟ್ಟಿಗಿಗೆ ಬಂದದ್ದು ಮಗಳು ಪುಷ್ಪಲತಾಗೆ ನೋಡಿದ ಹುಡುಗನ ಮನೆ ನೋಡಲು. ಬಸಲಿಂಗಮ್ಮ ಆ ಹುಡುಗನ ತಾಯಿ. ಹುಡುಗನ ಕಡೆಯವರು ಹುಡುಗಿಯನ್ನು ಒಪ್ಪಿದ ಮೇಲೆ ಹುಡುಗಿಯ ಕಡೆಯವರು ಹೀಗೆ ಮನೆ ನೋಡಲು ಬರುತ್ತಾರೆ. ಮನೆ ಹಿಡಿಸಿತೋ, ಹೊಟ್ಟೆ ತುಂಬ ಉಣ್ಣುತ್ತಾರೆ. ಹಿಡಿಸಲಿಲ್ಲವೋ, 'ಈಗರ ಉಂಡು ಬಂದೀವ್ರಿ' ಎಂದು ಒಂದು ಕಪ್ ಚಹಾ ಕುಡಿದು ಏಳುತ್ತಾರೆ. ಒಲ್ಲೆ ಎಂದು ಬಾಯಿಬಿಟ್ಟು ಹೇಳುವ ಮುಜುಗರ ಯಾರಿಗೂ ಇಲ್ಲ. ಹೋದ ವರ್ಷ ಹಗರಿಬೊಮ್ಮನಹಳ್ಳಿಯ ಒಂದು ಮನೆಯಲ್ಲಿ ಬೆನಕಪ್ಪ ಹೀಗೇ ಚಹಾ ಕುಡಿದು ಎದ್ದಿದ್ದ, ಆ ಮನೆಯವರು ಮತ್ತೆ ಫೋನು ಮಾಡಲಿಲ್ಲ.

ಆ ಸಂಬಂಧ ಹೋದದ್ದಕ್ಕೆ ಪುಷ್ಪಲತಾಗೆ ಏನೂ ಅನಿಸಿರಲಿಲ್ಲ. ಇದು ಹಾಗಲ್ಲ. ಅವಳು ಕೊಟ್ಟೂರಿನ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಾಳೆ. ನೋಡಲು ಬಂದವರೆಲ್ಲ ರೊಟ್ಟಿ ಬಡಿಯಲು ಬರುತ್ತದೋ ಇಲ್ಲವೋ ಕೇಳಿ ಹೋಗಿದ್ದರು. ಈ ಇಟ್ಟಿಗಿಯ ಗುರುಬಸವರಾಜನೊಬ್ಬನೇ, ಮಲ್ಲಿಗೆ ತೋಟ ಮಾಡಿಕೊಂಡಿರುವ ಹುಡುಗ, ಶಾಲೆಯ ಮಕ್ಕಳು ಯಾವ ಲೆಕ್ಕದಲ್ಲಿ ಹೆಚ್ಚು ತಪ್ಪುತ್ತಾರೆ ಅಂತ ಕೇಳಿದ. "ಭಾಗಾಕಾರ," ಅಂದಳು ಪುಷ್ಪಲತಾ. "ನಾನೂ ಅದರಾಗ ತಪ್ತಿದ್ದೆ," ಅಂದ ಅವನು. ಅವಳು ನಕ್ಕಳು. ಮಗಳು ಹಾಗೆ ನಕ್ಕದ್ದನ್ನು ಬೆನಕಪ್ಪ ಬಾಗಿಲ ಬಳಿ ನಿಂತು ನೋಡಿದ್ದ, ನೋಡಿ ಅವನ ಎದೆ ತುಂಬಿಬಂದಿತ್ತು. ಈ ಬೆಳಿಗ್ಗೆ ಹೊರಡುವಾಗ ಅವಳು ಚಪ್ಪಲಿ ತಂದಿಟ್ಟು, ಮುಖ ನೋಡದೆ ಒಂದೇ ಮಾತು ಹೇಳಿದ್ದಳು: "ಅಪ್ಪಾ, ಇವತ್ತೊಂದಿನ ಉಂಡು ಬರ್ರಿ."

ಅವಳು ಹಾಗೆ ಕೇಳಿಕೊಳ್ಳಬೇಕಾದ ಗತಿ ಬಂದದ್ದು ಹರಪನಹಳ್ಳಿಯ ರಕ್ತದ ಡಾಕ್ಟರಿಂದ. ಬಸ್ ಸ್ಟ್ಯಾಂಡಿನ ಹತ್ತಿರ ಬಟ್ಟೆ ಅಂಗಡಿಯ ಮೇಲೊಂದು ಕೋಣೆ. ಬೋರ್ಡಿನಲ್ಲಿ ಡಾಕ್ಟರ್ ಎಂದು ಬರೆದಿತ್ತು, ಯಾವುದರ ಡಾಕ್ಟರ್ ಎಂದು ಬರೆದಿರಲಿಲ್ಲ. ಬೆನಕಪ್ಪ ಮೊಣಕಾಲು ನೋವಿಗೆಂದು ಹೋದವನು. ಆ ಮಹಾಶಯ ಬೆರಳು ಚುಚ್ಚಿ ರಕ್ತ ನೋಡಿ, ಎದ್ದು ನಿಂತು ಕೈಕುಲುಕಿ, "ನಿಮ್ದು ಓ ಗುಂಪು. ಬೇಟೆಗಾರರ ರಕ್ತ," ಅಂದ. ಆ ರಕ್ತಕ್ಕೆ ಗೋಧಿ ಆಗದು, ಹಾಲು ಮೊಸರು ಆಗದು, ಮೆಕ್ಕೆಜೋಳ, ಬದನೆಕಾಯಿ, ಶೇಂಗಾ ಯಾವುದೂ ಆಗದು. ಮಾಂಸವೇ ಮದ್ದು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಬೆನಕಪ್ಪ "ಶಿವ ಶಿವಾ" ಎಂದು ಕಿವಿ ಮುಚ್ಚಿಕೊಂಡ. "ಹಂಗಾದ್ರ ಮಾಂಸ ಬಿಡ್ರಿ, ಉಳಿದದ್ದು ಮಾಡ್ರಿ," ಅಂದ ಡಾಕ್ಟರು. ತಿನ್ನಬಾರದ್ದನ್ನೂ ಬಿಟ್ಟು, ತಿನ್ನಬೇಕಾದ್ದನ್ನೂ ಬಿಟ್ಟ ಮೇಲೆ ಉಳಿದದ್ದು ರಾಜಗಿರಿ ಸೊಪ್ಪು, ಕುಂಬಳಕಾಯಿ ಮತ್ತು ಒಂದು ಹಿಡಿ ಅನ್ನ.

ಒಳಗೊಳಗೇ ಅವನಿಗೆ ಸ್ವಲ್ಪ ಹೆಮ್ಮೆಯೂ ಆಗಿತ್ತು. ಭಟ್ಟಿಯ ಮುಂದೆ ಎದೆ ಸೆಟೆಸಿ ಓಡಾಡತೊಡಗಿದ. "ಗ್ವಾಡಿ ಮ್ಯಾಲಿನ ಹಲ್ಲಿಗೆ ಅಂಜ್ತೀರಿ, ನಿಮ್ದ್ಯಾವ ಬೇಟಿರಿ," ಎಂದು ಕೊಟ್ರಮ್ಮ ನಕ್ಕಳು. ಆದರೆ ಸುಳ್ಳು ಹೇಳಬಾರದು, ಹೊಟ್ಟೆ ಕರಗಿತು, ಮೊಣಕಾಲೂ ಹಗುರಾಯಿತು. ದಿನಾ ಸಂಜೆ ಭಟ್ಟಿಯ ಎದುರಿನ ಅಂಗಡಿಯಲ್ಲಿ ತಿನ್ನುತ್ತಿದ್ದ ಮಿರ್ಚಿ ಬಜ್ಜಿಯನ್ನು ಬಿಟ್ಟದ್ದಕ್ಕೆ ಕರಗಿತು ಅನ್ನುವುದು ಕೊಟ್ರಮ್ಮನ ವಾದ. ಬೆನಕಪ್ಪ ಆ ವಾದವನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಓ ಗುಂಪಿನವರ ಹೊಟ್ಟೆಗೆ ಗೋಧಿ ಬಿದ್ದರೆ ರಕ್ತ ಅಂಟಾಗುತ್ತದೆ ಎಂದಿದ್ದ ಡಾಕ್ಟರು. ಗೋಡೆಗೆ ಪೋಸ್ಟರ್ ಹಚ್ಚಲು ಹುಡುಗರು ಕುದಿಸುವ ಮೈದಾ ಅಂಟು ಬೆನಕಪ್ಪನ ಕಣ್ಣ ಮುಂದೆ ಬಂದಿತ್ತು. ಅಂಥದು ತನ್ನ ಎದೆಯಲ್ಲಿ ಹರಿಯುವುದನ್ನು ನೆನೆದು ಅವನಿಗೆ ನಿಜವಾಗಿಯೂ ಭಯವಾಗುತ್ತಿತ್ತು.

ಇದನ್ನೆಲ್ಲ ಬೀಗರಾಗುವವರ ಮುಂದೆ ಹೇಳಿಬಿಡೋಣವೆಂದರೆ ಕೊಟ್ರಮ್ಮ ಬಸ್ಸಿನಲ್ಲೇ ಬಾಯಿ ಕಟ್ಟಿಹಾಕಿದ್ದಳು. "ರಕ್ತ ಗಿಕ್ತ ಅಂತ ಅಲ್ಲಿ ಬಾಯಿ ಬಿಟ್ಟೀರಿ. ಹುಡುಗಿ ಅಪ್ಪಗ ಏನೋ ಜಡ್ಡು ಐತಿ, ನಾಳಿ ಮಗಳಿಗೂ ಬರತೈತಿ ಅಂತಾರ. ಸುಮ್ನ ಉಣ್ರಿ."

ಈಗ ಅಡುಗೆಮನೆಯ ಬಾಗಿಲಿನಿಂದ ಅವಳು ಕಣ್ಣಲ್ಲೇ ಅವನನ್ನು ಸುಡುತ್ತಿದ್ದಳು. ಪಕ್ಕದಲ್ಲಿ ಊಟಕ್ಕೆ ಕೂತಿದ್ದ ನಾಗಲಿಂಗಮ್ಮ, ಈ ಸಂಬಂಧ ತಂದವಳೇ ಅವಳು, ತಮ್ಮನ ಪಕ್ಕೆಗೆ ಮೊಣಕೈಯಿಂದ ತಿವಿದಳು. ಬೆನಕಪ್ಪ ತಲೆ ಬಗ್ಗಿಸಿದ. ಮನೆ ಅವನಿಗೆ ಬಹಳ ಹಿಡಿಸಿತ್ತು. ಸಾರಿಸಿದ ಅಂಗಳ, ಮೂಲೆಯಲ್ಲಿ ಒದ್ದೆ ಬಟ್ಟೆ ಮುಚ್ಚಿದ ಮಲ್ಲಿಗೆಯ ಬುಟ್ಟಿಗಳು, ಮೆಲ್ಲಗೆ ಮಾತಾಡುವ ಜನ. ಇಷ್ಟು ಒಳ್ಳೆಯ ಮನೆಯಲ್ಲಿ ಹಸಿದು ಕೂತಿರುವ ತನ್ನ ಹಣೆಬರಹಕ್ಕೆ ಅವನಿಗೆ ಅಳುವೇ ಬಂತು.

ಆಗ ಅವನ ಕಣ್ಣಿಗೆ ಬಿದ್ದದ್ದು ಎದುರಿನ ತಟ್ಟೆ. ಹುಡುಗನ ಅಪ್ಪ ಪಾಲಾಕ್ಷಪ್ಪ ರೊಟ್ಟಿಯನ್ನು ಚೂರು ಚೂರು ಮಾಡುತ್ತ ಕೂತಿದ್ದ, ಬಾಯಿಗೆ ಮಾತ್ರ ಹಾಕಿಕೊಳ್ಳುತ್ತಿರಲಿಲ್ಲ. ಬದನೆಕಾಯಿ ಎಣ್ಣೆಗಾಯಿ ಹಾಗೇ ಇತ್ತು. ಹುಗ್ಗಿ ಹಾಗೇ ಇತ್ತು. ಮೊಸರಿನ ಬಟ್ಟಲನ್ನು ಅವನು ಒಂದು ಬೆರಳಿನಿಂದ ಆಚೆ ಸರಿಸಿದ್ದ. ಅತಿಥಿಗಳ ಜೊತೆ ಕೂತ ಯಜಮಾನ ಉಣ್ಣಲಿಲ್ಲ ಅಂದರೆ ಅವನಿಗೇ ಈ ಸಂಬಂಧ ಬೇಡವಾಗಿದೆ. ಯಾರೋ ಏನೋ ಚಾಡಿ ಹೇಳಿರಬೇಕು. ತನ್ನ ಮಗಳಲ್ಲಿ ಇವನು ಏನು ಕೊರತೆ ಕಂಡ ಅಂತ ಬೆನಕಪ್ಪನಿಗೆ ಸಿಟ್ಟು ಬಂತು.

"ಹುಗ್ಗಿ ಬ್ಯಾಡಾದ್ರ ಬಿಡ್ರಿ ಬೆನಕಪ್ಪಾರ. ಒತ್ತಾಯ ಏನಿಲ್ಲ," ಅಂದ ಪಾಲಾಕ್ಷಪ್ಪ, ಬಿಗಿಯಾಗಿ.

"ಹೌದ್ರಿ. ಇಂಥಾದ್ರಾಗ ಒತ್ತಾಯ ಮಾಡಬಾರದು," ಅಂದ ಬೆನಕಪ್ಪ, ಇನ್ನೂ ಬಿಗಿಯಾಗಿ.

ನಾಗಲಿಂಗಮ್ಮ ಇಬ್ಬರ ಮುಖವನ್ನೂ ಒಮ್ಮೆ ನೋಡಿದಳು. ಸೀರೆಯ ನೆರಿಗೆ ಒಟ್ಟು ಮಾಡಿಕೊಂಡು, ಗೋಡೆ ಹಿಡಿದು ಏಳತೊಡಗಿದಳು. "ತಿಳೀತು ಬಿಡ್ರಿ. ಕೊಟ್ರಮ್ಮಾ, ಬಾರವ್ವ. ಬಸ್ಸಿನ ಹೊತ್ತಾತು."

ತುಪ್ಪದ ಗಿಂಡಿ ಹಿಡಿದು ಬಡಿಸಲು ಬಂದ ಗುರುಬಸವರಾಜ ಪಡಸಾಲೆಯ ನಡುವೆ ಹಾಗೇ ನಿಂತ. ಪಾಪ, ಹುಡುಗನ ಮುಖ ಬಿಳಿಚಿಕೊಂಡಿತು. ಗಿಂಡಿ ಓರೆಯಾಗಿ ತುಪ್ಪ ಅವನ ಕಾಲ ಮೇಲೆ ಸುರಿಯುತ್ತಿದ್ದದ್ದೂ ಅವನಿಗೆ ಗೊತ್ತಾಗಲಿಲ್ಲ. ಬೆನಕಪ್ಪ ಆ ಮುಖವನ್ನು ನೋಡಿದ. ಇದೇ ಸುದ್ದಿ ಮನೆಗೆ ಮುಟ್ಟಿದಾಗ ಇನ್ನೊಂದು ಮುಖವೂ ಹೀಗೇ ಆಗುತ್ತದೆ ಅನಿಸಿತು. ಜಡ್ಡು ಅಂದುಕೊಂಡರೆ ಅಂದುಕೊಳ್ಳಲಿ.

"ಕುಂದ್ರಕ್ಕಾ," ಅಂದ. "ಪಾಲಾಕ್ಷಪ್ಪಾರ, ಮನಿ ಭಾಳ ಹಿಡಿಸೇತಿ. ಹುಡುಗನೂ ಹಿಡಿಸ್ಯಾನ. ನನ್ನ ರಕ್ತಕ್ಕ ಗೋಧಿ ಆಗಂಗಿಲ್ರಿ, ಅಷ್ಟ."

ಕೊಟ್ರಮ್ಮ ಬಾಗಿಲಲ್ಲೇ ಹಣೆ ಚಚ್ಚಿಕೊಂಡಳು. ಪಾಲಾಕ್ಷಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ತಲೆಯೆತ್ತಿದ.

"ಯಾವ ಗುಂಪ್ರಿ?"

"ಓ."

"ನಂದು ಎ," ಅಂದ ಪಾಲಾಕ್ಷಪ್ಪ. "ಹರಪನಹಳ್ಳಿ? ಬಟ್ಟಿ ಅಂಗಡಿ ಮ್ಯಾಲ?"

"ಅವರ ರೀ."

"ಬೇಟೆಗಾರರು ನೀವು," ಅಂದ ಪಾಲಾಕ್ಷಪ್ಪ ಗೌರವದಿಂದ. "ನಾನು ರೈತರ ರಕ್ತದಾವ. ಬದ್ನಿಕಾಯಿ ಆಗಂಗಿಲ್ಲ, ಮೆಣಸಿನಕಾಯಿ ಆಗಂಗಿಲ್ಲ, ಹಾಲು, ತುಪ್ಪ, ಮೊಸರು, ಬಾಳಿಹಣ್ಣು... ಹೇಳಬ್ಯಾಡ ಅಂತ ಈಕಿ ಆಣಿ ಹಾಕಿದ್ಲ್ರಿ. ಹುಡುಗನ ಅಪ್ಪಗ ಜಡ್ಡು ಐತಿ ಅಂತ ತಿಳ್ಕೊಂತಾರ ಅಂತ."

ಎರಡು ಹಸಿದ ಜೀವಗಳು ಒಂದನ್ನೊಂದು ಗುರುತಿಸಿದವು. ಕಳೆದುಹೋದ ಅಣ್ಣತಮ್ಮಂದಿರು ಸಿಕ್ಕ ಹಾಗೆ ಇಬ್ಬರೂ ಮಾತಿಗಿಳಿದರು. ಒಬ್ಬನ ಮೊಣಕಾಲು, ಇನ್ನೊಬ್ಬನ ಗ್ಯಾಸು. ಒಬ್ಬನ ಕುಂಬಳಕಾಯಿ, ಇನ್ನೊಬ್ಬನ ಮೊಳಕೆಕಾಳು. ನಾಗಲಿಂಗಮ್ಮ ಮತ್ತೆ ಕೂತು, ಅದುವರೆಗೆ ಅರ್ಧಕ್ಕೇ ಬಿಟ್ಟಿದ್ದ ತನ್ನ ಎಣ್ಣೆಗಾಯಿಯ ಕಡೆ ತಿರುಗಿದಳು.

"ಸಂಜೀ ಹೊತ್ತು ಮಿರ್ಚಿ ತಿಂತಿದ್ರೇನು ನೀವು?" ಎಂದು ಪಾಲಾಕ್ಷಪ್ಪನನ್ನು ಕೇಳಿದಳು.

"ತಿಂತಿದ್ದೆ ರೀ. ಮೊದಲು."

"ಇವನೂ ತಿಂತಿದ್ದ. ಇಬ್ರೂ ಬಿಟ್ರಿ, ಇಬ್ರೂ ಹಗೂರಾದ್ರಿ. ಅದಕ್ಕ ನಡುವ ರಕ್ತ ಯಾಕ ಬೇಕಿತ್ತು?"

ಬೇಟೆಗಾರ ತನ್ನ ತಟ್ಟೆ ನೋಡಿದ, ರೈತ ಮೊಸರಿನ ಬಟ್ಟಲು ನೋಡಿದ. ಎಲ್ಲ ಸುಖಾಂತವಾಯಿತು ಅನ್ನುವಷ್ಟರಲ್ಲಿ ಪಾಲಾಕ್ಷಪ್ಪನ ಹುಬ್ಬು ಗಂಟಿಕ್ಕಿತು. "ನಿಮ್ಮ ಹುಡುಗೀದು ಯಾವ ಗುಂಪ್ರಿ?"

"ಕಾಲೇಜಿನಾಗ ನೋಡ್ಯಾರ. ಆಕೀದೂ ಓ."

"ನಮ್ಮ ಮನ್ಯಾಗ ಎಲ್ಲಾರೂ ಎ." ಪಾಲಾಕ್ಷಪ್ಪ ಗಡ್ಡ ಕೆರೆದುಕೊಂಡ. "ಗುಂಪಿಗೊಂದು ಒಲಿ ಇರ್ಬೇಕು ಅಂತಾರ ಡಾಕ್ಟರು. ಇದನ್ನ ಸ್ವಲ್ಪ ಯೋಚ್ನಿ ಮಾಡಬೇಕಲ್ರಿ."

"ಸೊಸಿ ಹೊಸ್ತಿಲಾ ತುಳಿಯೂಕಿಂತ ಮೊದ್ಲ ಒಲಿ ಬ್ಯಾರೆ ಮಾಡ್ತೀರೇನು?" ಬಸಲಿಂಗಮ್ಮ ಒಳಗಿನಿಂದ ಬಂದವಳು ಅಳುವ ದನಿಯಲ್ಲಿ ಕೇಳಿದಳು. ಒಲೆ ಬೇರೆ ಆಯಿತು ಅಂದರೆ ಮನೆ ಒಡೆಯಿತು ಅಂತಲೇ ಅರ್ಥ. ಮೈದುನರೆಲ್ಲ ಹಾಗೆ ಬೇರೆಯಾದದ್ದನ್ನು ಕಣ್ಣಾರೆ ಕಂಡವಳು ಅವಳು. ಆದರೂ ಪಾಲಾಕ್ಷಪ್ಪ ತಲೆಯಾಡಿಸುತ್ತಲೇ ಇದ್ದ. ಮದುವೆ ಮಾತಿನಲ್ಲಿ 'ಯೋಚನೆ ಮಾಡೋಣ' ಎಂದು ಹೊರಟ ಸಂಬಂಧ ಯಾವುದೂ ತಿರುಗಿ ಬಂದದ್ದಿಲ್ಲ, ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಬೆನಕಪ್ಪ ಎದುರಿಗೆ ಕೂತವನನ್ನೇ ನೋಡಿದ. ಕೆನ್ನೆ ಒಳಗೆ ಹೋಗಿತ್ತು, ಕುತ್ತಿಗೆ ಸಡಿಲವಾಗಿತ್ತು, ಕಣ್ಣಲ್ಲಿ ಹಸಿವಿತ್ತು, ಬಾಯಲ್ಲಿ ಹಟವಿತ್ತು. ಮಗನ ಮದುವೆಗಿಂತ ಬದನೆಕಾಯಿಯ ಚಿಂತೆಯನ್ನೇ ದೊಡ್ಡದು ಮಾಡಿಕೊಂಡು ಕೂತಿದ್ದ. ಎಂಥಾ ಹುಚ್ಚ ಇವನು ಅಂದುಕೊಂಡ ಬೆನಕಪ್ಪ. ಅಂದುಕೊಂಡ ಮರುಕ್ಷಣವೇ, ಇಷ್ಟು ಹೊತ್ತೂ ಕೊಟ್ರಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದದ್ದೂ ಇಂಥದೇ ಮುಖವನ್ನು ಅಂತ ಹೊಳೆದು ಅವನ ಕಿವಿ ಬಿಸಿಯಾಯಿತು.

"ತಾಯಿ, ಹುಗ್ಗಿ ತರ್ರಿ," ಅಂದ.

"ನಿಮ್ಮ ರಕ್ತಕ್ಕ ಆಗಂಗಿಲ್ಲಂತಲ್ರಿ ಅಣ್ಣಾರ."

"ರಕ್ತಾನೂ ನಂದು, ಮಗಳೂ ನಂದು. ಹಾಕ್ರಿ."

ಮೊದಲ ತುತ್ತು ಎತ್ತಿದ. ಕಣ್ಣು ಮುಚ್ಚಿ ಬಾಯಿಗಿಟ್ಟುಕೊಂಡ. ಬೆಲ್ಲದ ಪಾಕದಲ್ಲಿ ಬೆಂದು ಅರಳಿದ ಗೋಧಿ, ಹಲ್ಲಿಗೆ ಸಿಕ್ಕುವ ಕೊಬ್ಬರಿ ಚೂರು. ನುಂಗಿದ. ಎದೆಯ ಮೇಲೆ ಕೈಯಿಟ್ಟುಕೊಂಡು, ಒಳಗೆ ಅಂಟು ಕಟ್ಟುತ್ತಿದೆಯೋ ಎಂದು ಕಾದ. ಏನೂ ಆಗಲಿಲ್ಲ. ಎರಡನೆಯ ತುತ್ತಿಗೆ ಕಾಯಲಿಲ್ಲ. ಆಮೇಲೆ ಅವನು ತಲೆಯೆತ್ತಿದ್ದು ತಟ್ಟೆ ಖಾಲಿಯಾದಾಗಲೇ. ಕಣ್ಣಲ್ಲಿ ನೀರು ಬಂದಿತ್ತು, ಅದಕ್ಕೆ ಮಗಳೆಷ್ಟು ಕಾರಣ, ಹುಗ್ಗಿಯೆಷ್ಟು ಕಾರಣ ಅಂತ ಅವನಿಗೂ ಗೊತ್ತಿರಲಿಲ್ಲ.

"ಬೀಗರ," ಅಂದ ಪಾಲಾಕ್ಷಪ್ಪನಿಗೆ. ಆ ಮನೆಯಲ್ಲಿ ಆ ಮಾತು ಹೊರಟದ್ದು ಅದೇ ಮೊದಲು. "ನಾ ಉಂಡೆ. ಇನ್ನ ನೀವ್ ಉಂಟು, ನಿಮ್ಮ ತಟ್ಟಿ ಉಂಟು."

ಪಾಲಾಕ್ಷಪ್ಪ ಹೆಂಡತಿಯನ್ನು ನೋಡಿದ. ಮಗನನ್ನು ನೋಡಿದ. ಕೊನೆಗೆ ಎಣ್ಣೆಗಾಯಿಯನ್ನು ನೋಡಿದ, ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ನೋಡಿದ. ಚೂರು ಮಾಡಿಟ್ಟ ರೊಟ್ಟಿಯನ್ನೆಲ್ಲ ಒಟ್ಟುಗೂಡಿಸಿ ಅದರ ಗೊಜ್ಜಿನಲ್ಲಿ ಅದ್ದಿ ಬಾಯಿಗಿಟ್ಟುಕೊಂಡ. "ಉಪ್ಪು ಸ್ವಲ್ಪ ಕಡಿಮಿ ಆಗೇತಿ," ಅಂದ. ಬಸಲಿಂಗಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ನಕ್ಕಳು. ಆಮೇಲೆ ಇಬ್ಬರು ಬೀಗರೂ ಸೇರಿ ಹುಗ್ಗಿಯ ಪಾತ್ರೆಗೆ ಮಾಡಿದ್ದನ್ನು ಹೇಳಿ ಉಪಯೋಗವಿಲ್ಲ. ಹೆಂಗಸರಿಗೆ ಅಂತ ಬಸಲಿಂಗಮ್ಮ ಎತ್ತಿಟ್ಟದ್ದೂ ಉಳಿಯಲಿಲ್ಲ.

ಕೊಟ್ರಮ್ಮ ಒಳಗೆ ಫೋನಿನಲ್ಲಿ ಮಾತಾಡುತ್ತಿದ್ದಳು. "ಹ್ಞೂಂ, ಉಂಡ್ರು... ಎಷ್ಟಂತ ಹೇಳ್ಲಿ, ಇನ್ನೂ ಉಣ್ಣಾಕ ಹತ್ಯಾರ." ಹೊರಗೆ ಬಂದು ಫೋನನ್ನು ಗಂಡನ ಕಿವಿಗೆ ಹಿಡಿದಳು. ಆ ಕಡೆ ಪುಷ್ಪಲತಾ ಉಸಿರಾಡುವುದು ಕೇಳುತ್ತಿತ್ತು.

"ನೀ ಉಂಡೇನವ್ವ?" ಎಂದು ಕೇಳಿದ ಬೆನಕಪ್ಪ.

"ಇಲ್ಲಪ್ಪಾ," ಅಂದಳು ಪುಷ್ಪಲತಾ. "ನೀವು ಉಂಡ ಸುದ್ದಿ ಬರ್ಲಿ ಅಂತ ಕುಂತಿದ್ದೆ."

ಹೊರಗೆ ಬಿಸಿಲು ಇಳಿಮುಖವಾಗಿತ್ತು. ಬೆನಕಪ್ಪ ತುಪ್ಪ ಒಣಗುತ್ತಿದ್ದ ಬಲಗೈಯನ್ನು ತಟ್ಟೆಯ ಮೇಲೆ ಹಿಡಿದುಕೊಂಡು, ಎಡಗೈಯಿಂದ ಫೋನನ್ನು ಕಿವಿಗೆ ಒತ್ತಿಕೊಂಡ. "ಹೋಗವ್ವ, ಉಣ್ಣು," ಅಂದ. ಕೊಟ್ಟೂರಿನ ಅಡುಗೆಮನೆಯಲ್ಲಿ ತಟ್ಟೆ ಇಟ್ಟ ಸದ್ದಾಯಿತು, ಬಳೆ ಸದ್ದಾಯಿತು, ರೊಟ್ಟಿ ಮುರಿದ ಸದ್ದಾಯಿತು. ಕೈ ತೊಳೆಯಲು ಗುರುಬಸವರಾಜ ಚೊಂಬಿನಲ್ಲಿ ನೀರು ತಂದು ನಿಂತಿದ್ದ. ಬೆನಕಪ್ಪ ಅವನಿಗೆ ಸ್ವಲ್ಪ ತಡಿ ಎಂದು ಸನ್ನೆ ಮಾಡಿ, ಮಗಳು ಉಣ್ಣುವುದನ್ನು ಕೇಳುತ್ತ ಕೂತ.