ಹೊಂಗೆ ಸಾಲಿನ ಐದು ಬೇಸಿನ್

"ಇನ್ನೂರ ನಲವತ್ತು," ಎಂದು ಕಾಂತರಾಜ್ ಕಂಪ್ಯೂಟರಿನ ಪರದೆಯನ್ನು ಶಶಿರೇಖಳ ಕಡೆ ತಿರುಗಿಸಿದ. "ಇನ್ನೂರು ದಾಟಿದ್ರೆ ಸಾಕು ಅಂತ ರೂಲ್. ನೀವು ದಾಟಿದೀರ ಮೇಡಂ. ಇನ್ನೇನ್ ಯೋಚ್ನೆ?"

ಶಶಿರೇಖ ಕನ್ನಡಕ ಮೇಲಕ್ಕೆ ತಳ್ಳಿಕೊಂಡು ನೋಡಿದಳು. ಇಪ್ಪತ್ತಾರು ವರ್ಷ ಬಂಗಾರಪೇಟೆಯ ಆ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ, ಹದಿಮೂರು ಪ್ರಬಂಧ ಬರೆದು, ಕಡೆಗೆ ಕೈಗೆ ಬಂದದ್ದು ಈ ಅಂಕಿ. ಅವಳು ಬರೆದದ್ದನ್ನು ಬೇರೆ ವಿಜ್ಞಾನಿಗಳು ತಮ್ಮ ಪ್ರಬಂಧಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬ ಲೆಕ್ಕ ಅದು. ಪ್ರೊಫೆಸರ್ ಹುದ್ದೆಗೆ ಬಡ್ತಿ ಬೇಕಾದರೆ ಇನ್ನೂರು ಉಲ್ಲೇಖ ಇರಬೇಕೆಂದು ಸಮಿತಿ ಹೊಸದಾಗಿ ನಿಯಮ ಮಾಡಿತ್ತು. ಸಸ್ಯಶಾಸ್ತ್ರಕ್ಕೂ ಇನ್ನೂರು, ರಸಾಯನಶಾಸ್ತ್ರಕ್ಕೂ ಇನ್ನೂರು, ಕನ್ನಡಕ್ಕೂ ಇನ್ನೂರು. ರಸಾಯನಶಾಸ್ತ್ರದ ಕಾಂತರಾಜ್‌ಗೆ ನಲವತ್ತೆರಡನೇ ವಯಸ್ಸಿಗೇ ಸಾವಿರದ ಆರುನೂರಿತ್ತು. "ನಮ್ಮ ಫೀಲ್ಡಲ್ಲಿ ಒಬ್ಬ ಸೀನಿದ್ರೆ ಹತ್ತು ಜನ ಬರ್ಕೋತಾರೆ," ಎಂದು ಅವನೇ ನಗುತ್ತಿದ್ದ. ಕನ್ನಡ ವಿಭಾಗದ ಸೀನಪ್ಪನವರು ಮೂವತ್ತು ವರ್ಷ ಹಳ್ಳಿ ಹಳ್ಳಿ ಸುತ್ತಿ ಹೆಂಗಸರ ಹಾಡು ಬರೆದುಕೊಂಡು ಬಂದವರು. ಅವರಿಗೆ ಬಂದದ್ದು ಮೂರು ಉಲ್ಲೇಖ, ಅದರಲ್ಲಿ ಎರಡು ಅವರ ಶಿಷ್ಯರದೇ. ನಿಯಮ ಬಂದ ದಿನ ಸೀನಪ್ಪನವರು ಅರ್ಜಿಯನ್ನು ನಾಲ್ಕಾಗಿ ಮಡಚಿ ಟೀ ಲೋಟದ ಕೆಳಗೆ ಇಟ್ಟುಕೊಂಡರು.

ಶಶಿರೇಖಳ ಇನ್ನೂರ ನಲವತ್ತರಲ್ಲಿ ನೂರ ಎಂಬತ್ತೆಂಟು ಒಂದೇ ಪ್ರಬಂಧದ್ದು. ಪಕ್ಕದ ಗಣಿ ಊರು ಕೋರಮಂಡಲ್‌ನಲ್ಲಿ ಚಿನ್ನ ತೆಗೆದು ಮಿಕ್ಕ ಮಣ್ಣನ್ನು ಗುಡ್ಡ ಹಾಕಿದ್ದಾರಲ್ಲ, ಜನ ಸೈನೈಡ್ ದಿಬ್ಬ ಎನ್ನುತ್ತಾರೆ, ಬೇಸಿಗೆಯಲ್ಲಿ ಗಾಳಿ ಎದ್ದರೆ ಅದರ ಧೂಳು ಮನೆ ಮನೆಗೂ ನುಗ್ಗುತ್ತದೆ. ಆರು ವರ್ಷದ ಹಿಂದೆ ಅವಳು ಮೂವತ್ತು ಮನೆಗಳ ಹಿತ್ತಿಲಲ್ಲಿ ಸ್ಟೀಲ್ ಬೇಸಿನ್ ಇಟ್ಟು, ನಾಲ್ಕು ತಿಂಗಳು, ಒಂದನೇ ತಾರೀಕು ಬಂದಾಗಲೆಲ್ಲ ಅದರಲ್ಲಿ ಬಿದ್ದ ಧೂಳನ್ನು ಗುಡಿಸಿ ತೂಕ ಮಾಡಿದ್ದಳು. ಹೊಂಗೆ ಮರಗಳ ಸಾಲಿನ ಹಿಂದಿದ್ದ ಐದು ಮನೆಗಳಲ್ಲಿ ಮಾತ್ರ ಧೂಳು ಬೇರೆ ಕಡೆಗಿಂತ ಕಾಲು ಭಾಗ ಇತ್ತು. ಹೊಂಗೆ ಸಾಲು ಧೂಳು ತಡೆಯುತ್ತದೆ ಎಂದು ಬರೆದಳು. ಸಸ್ಯಶಾಸ್ತ್ರದವರು ಅದನ್ನು ಮೂಸಿಯೂ ನೋಡಲಿಲ್ಲ. ಶ್ವಾಸಕೋಶದ ವೈದ್ಯರು ಎತ್ತಿಕೊಂಡರು, ಆಮೇಲೆ ಊರು ಕಟ್ಟುವ ಎಂಜಿನಿಯರುಗಳು. ಆ ಎರಡು ಕ್ಷೇತ್ರಗಳ ಪುಣ್ಯದಿಂದ ಅಂಕಿ ಬೆಳೆಯಿತು.

"ಬೇಸಿನ್ ಇಟ್ಟ ಮನೆಯವರ ಜೊತೆ ಒಂದು ಫೋಟೊ ಅಂಟಿಸಿ. ಸಮಾಜಕ್ಕೆ ಏನು ಉಪಯೋಗ ಅಂತ ಒಂದು ಕಾಲಂ ಇದೆ," ಎಂದ ಕಾಂತರಾಜ್. "ಸೋಮವಾರ ಕಡೇ ದಿನ."

ಅವಳಿಗೆ ಐವತ್ತಾರು, ಅರವತ್ತಕ್ಕೆ ನಿವೃತ್ತಿ. ಬಡ್ತಿಯ ಸಂದರ್ಶನ ನಾಲ್ಕೈದು ವರ್ಷಕ್ಕೊಮ್ಮೆ ಬರುವುದು, ಹಾಗಾಗಿ ಇದೇ ಕಡೆಯದು. ಬಾಗಿಲ ಮೇಲಿನ ಬೋರ್ಡಿನಲ್ಲಿ ಪ್ರೊಫೆಸರ್ ಎಂದು ಒಂದು ಸಲ ಬರೆಸಿಕೊಂಡು ಮನೆಗೆ ಹೋಗಬೇಕೆಂಬ ಆಸೆ ಅವಳಿಗಿತ್ತು. ಆಸೆಯಿಲ್ಲ ಎಂದು ಹೇಳಿಕೊಳ್ಳುವಷ್ಟು ದೊಡ್ಡ ಮನಸ್ಸು ಅವಳದಲ್ಲ. ಮಾರನೆಯ ದಿನ, ಶುಕ್ರವಾರ, ಬೆಳಗಿನ ರೈಲಿಗೆ ಕೋರಮಂಡಲ್‌ಗೆ ಹೋದಳು.

ಹೊಂಗೆ ಸಾಲಿನ ಹಿಂದಿನ ಐದು ಮನೆಗಳಲ್ಲಿ ನಾಲ್ಕಕ್ಕೆ ಆಗಲೂ ಬೀಗ, ಈಗಲೂ ಬೀಗ. ಬೀಗದ ಕೈಗಳು ಐದನೆಯ ಮನೆಯ ಪಿಳ್ಳಮ್ಮನ ಹತ್ತಿರ. ಬೂದಿಕೋಟೆ ಕಡೆಯಿಂದ ಮದುವೆಯಾಗಿ ಬಂದವಳು. ಗಣಿ ಮುಚ್ಚಿದ ಮೇಲೆ, ಗಂಡ ಹೋದ ಮೇಲೂ, ಕೂಲಿ ಮಾಡಿಕೊಂಡು ಅಲ್ಲೇ ಉಳಿದಿದ್ದಳು. ಶಶಿರೇಖ ಹಿತ್ತಿಲಿಗೆ ಬಂದಾಗ ಅವಳು ಕುಕ್ಕರುಗಾಲಲ್ಲಿ ಕೂತು ಹುಣಸೆಹಣ್ಣು, ಬೂದಿ ಹಾಕಿ ಪಾತ್ರೆ ಉಜ್ಜುತ್ತಿದ್ದಳು. ಪಕ್ಕದಲ್ಲಿ ಐದು ಸ್ಟೀಲ್ ಬೇಸಿನ್ ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದವು.

"ಬನ್ನಿ ಮೇಡಮ್ಮಾ. ಎಷ್ಟ್ ದಿನ ಆಯ್ತು ನೋಡಿ. ನಿಮ್ಮುವೇ ತೊಳೀತಿದೀನಿ."

"ಇನ್ನೂ ಇಟ್ಕೊಂಡಿದೀರಾ ಪಿಳ್ಳಮ್ಮ? ಆರು ವರ್ಷ ಆಯ್ತಲ್ಲ."

"ಮತ್ತೇನ್ ಮಾಡ್ಲಿ? ನೀವು ವಾಪಸ್ ತಕಂಡೋಗ್ಲಿಲ್ವಲ್ಲ. ಕಲ್ಲುಕಂಬುದ್ ಮ್ಯಾಲೆ ಎಲ್ಲಿಟ್ರೋ ಅಲ್ಲೇ ಐದಾವೆ. ಸುಕ್ರವಾರ ಸುಕ್ರವಾರ ಇಳಿಸ್ತೀನಿ, ಉಜ್ತೀನಿ, ತಿರ್ಗ ಇಡ್ತೀನಿ. ಒಂದ್ ವಾರನೂ ತಪ್ಸಿಲ್ಲ."

ಒಂದು ಫೋಟೊ ತೆಗೀತೀನಿ ಎಂದು ಫೋನಿನಲ್ಲಿ ಕ್ಯಾಮೆರಾ ಹುಡುಕುತ್ತಿದ್ದ ಶಶಿರೇಖಳ ಬೆರಳು ನಿಂತಿತು. "ಆವಾಗ್ಲೂ ತೊಳೀತಿದ್ರಾ? ನಾನು ತಿಂಗಳು ತಿಂಗಳು ಬರ್ತಿದ್ನಲ್ಲ, ಆವಾಗ?"

"ತೊಳೀದೆ ಇರ್ತೀನಾ? ನೀವು ಒಂದ್ನೇ ತಾರೀಕು ಬಂದು ಬುಕ್ಕಲ್ಲಿ ಬರ್ಕಂಡೋಗ್ತಿದ್ರಿ. ಪಿಳ್ಳಮ್ಮನ್ ಮನೇಲಿ ಇಷ್ಟು ಕೊಳೆ ಅಂತ ಬರುದ್ರೆ ನಮ್ ಮರ್ವಾದೆ ಏನಾಗ್ಬೇಕು? ಬ್ಯಾರೆಯೋರ್ ಮನೆ ಪಾತ್ರೆ ಬ್ಯಾರೆ ಅದು. ಕೊಳೆ ಮಾಡಿ ಕೊಡೋಕಾಯ್ತದಾ?"

ಶಶಿರೇಖ ಒಗೆಯುವ ಕಲ್ಲಿನ ಮೇಲೆ ಕೂತಳು. ಬೇಸಿನ್‌ನಲ್ಲಿ ತಿಂಗಳ ಧೂಳು ಇರಲೇ ಇಲ್ಲ. ಕಡೆಯ ಶುಕ್ರವಾರದಿಂದ ಈಚೆಗೆ ಬಿದ್ದಷ್ಟನ್ನೇ ಅವಳು ತೂಗಿ, ಪುಣ್ಯವನ್ನು ಹೊಂಗೆ ಮರಕ್ಕೆ ಕೊಟ್ಟಿದ್ದಳು. ಉಳಿದ ಇಪ್ಪತ್ತೈದು ಮನೆಗಳಲ್ಲಿ ಮುಟ್ಟಬೇಡಿ, ತೊಳೆಯಬೇಡಿ, ನೀರು ಚೆಲ್ಲಬೇಡಿ ಎಂದು ಬಿಡಿಸಿ ಹೇಳಿದ್ದು ನೆನಪಿತ್ತು. ಈ ಸಾಲಿಗೆ ಬರುವ ಹೊತ್ತಿಗೆ ಕಾಲು ನೋಯುತ್ತಿತ್ತು, ರೈಲಿಗೆ ಹೊತ್ತಾಗಿತ್ತು. ಸ್ವಲ್ಪ ನೋಡ್ಕೊಂಡಿರಿ ಪಿಳ್ಳಮ್ಮ, ಅಂದಿದ್ದಳು, ಅಷ್ಟೇ. ಪಿಳ್ಳಮ್ಮ ಆರು ವರ್ಷ ನೋಡಿಕೊಂಡಿದ್ದಳು. ಅವಳ ಮೇಲೆ ಸಿಟ್ಟು ಬರಲಿ ಎಂದು ಶಶಿರೇಖ ಸ್ವಲ್ಪ ಹೊತ್ತು ಕಾದಳು. ಬಂದದ್ದು ತನ್ನ ಮೇಲೇ, ಅದೂ ಪೂರ್ತಿ ಬರಲಿಲ್ಲ, ಸುಸ್ತಾಯಿತು.

"ಫೋಟೊ ತೆಗೀತೀನಿ ಅಂತಿದ್ರಲ್ಲ," ಎಂದು ಪಿಳ್ಳಮ್ಮ ಸೆರಗು ಸರಿಮಾಡಿಕೊಂಡು, ಬೇಸಿನ್‌ಗಳನ್ನು ಮುಂದೆ ಜೋಡಿಸಿ ನಿಂತಳು. ಶಶಿರೇಖ ತೆಗೆದಳು. ಬೇಸಿನ್‌ಗಳ ಹೊಳಪಿಗೆ ಪಿಳ್ಳಮ್ಮನ ಮುಖ ಕಪ್ಪಾಗಿ ಬಂತು.

ಶನಿವಾರ ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಕಾಂತರಾಜ್‌ಗೆ ಹೇಳಿದಳು. ಅವನು ಊಟದ ಡಬ್ಬಿಯ ಮುಚ್ಚಳ ಹಾಕಿದ.

"ಇನ್ಯಾರಿಗೆ ಹೇಳಿದ್ರಿ?"

"ನಿಮಗೇ ಮೊದಲು."

"ಹಾಗಾದ್ರೆ ನನಗೂ ಹೇಳಿಲ್ಲ ಅಂದ್ಕೊಳ್ಳಿ. ಮರ ಧೂಳು ತಡೆಯುತ್ತೆ ಅನ್ನೋದು ಸುಳ್ಳೇನಲ್ವಲ್ಲ ಮೇಡಂ."

"ಎಷ್ಟು ತಡೆಯುತ್ತೆ ಅಂತ ನನಗೆ ಗೊತ್ತಿಲ್ಲ. ಗೊತ್ತಿದೆ ಅಂತ ಬರೆದಿದೀನಿ."

"ಅದನ್ನ ತೆಗೆದ್ರೆ ನಿಮಗುಳಿಯೋದು ಐವತ್ತೆರಡು. ನಿಮ್ಮ ಕೆಲಸ ಹಾಳು ಅಂತ ಯಾರೂ ಹೇಳ್ತಿಲ್ಲ, ನೀವೇ ಯಾಕೆ ಹೇಳ್ಬೇಕು? ಸೋಮವಾರ ಅರ್ಜಿ ಕೊಡಿ. ಇಂಟರ್‌ವ್ಯೂ ಆದ್ಮೇಲೆ ಏನ್ ಬೇಕಾದ್ರೂ ಬರೀರಿ."

ಅವನು ಒಳ್ಳೆಯವನೇ. ಹೇಳಿದ್ದೂ ಅವಳ ಒಳ್ಳೆಯದಕ್ಕೇ. ಭಾನುವಾರವಿಡೀ ಶಶಿರೇಖ ಹಾಗೇ ಮಾಡೋಣ ಎಂದುಕೊಂಡೇ ಇದ್ದಳು. ಸುಮ್ಮನೆ ಕೂರಲಾಗದೆ ತನ್ನನ್ನು ಉಲ್ಲೇಖಿಸಿದ್ದ ಪ್ರಬಂಧಗಳನ್ನು ಮೊದಲ ಬಾರಿಗೆ ಒಂದೊಂದಾಗಿ ತೆಗೆದು ಓದಿದಳು. ಹೆಚ್ಚಿನವರು ಒಂದೇ ಸಾಲಿನಲ್ಲಿ ಇಪ್ಪತ್ತು ಹೆಸರುಗಳ ನಡುವೆ ಅವಳ ಹೆಸರನ್ನೂ ತುರುಕಿದ್ದರು. ಒಳಗೇನಿದೆ ಎಂದು ಬಿಚ್ಚಿ ನೋಡಿದವರ ಹಾಗೆ ಕಾಣಲಿಲ್ಲ. ಸಂಜೆ ಹೊತ್ತಿಗೆ ಎಪ್ಪತ್ತೊಂದನೆಯದು ಸಿಕ್ಕಿತು. ದೂರದ ಯಾವುದೋ ಗಣಿ ಊರಿನವರದು. ಹೊಂಗೆಯಂಥ ಮರಗಳ ಸಾಲಿದ್ದರೆ ಶಾಲೆಯ ಆಟದ ಬಯಲನ್ನು ದಿಬ್ಬದಿಂದ ಇನ್ನೂರು ಮೀಟರಿನಲ್ಲೇ ಮಾಡಬಹುದು, ಮಕ್ಕಳಿಗೆ ತೊಂದರೆಯಿಲ್ಲ ಎಂದು ಬರೆದಿದ್ದರು. ಆಧಾರವೆಂದು ಕೊಟ್ಟದ್ದು ಅವಳೊಬ್ಬಳ ಹೆಸರನ್ನೇ. ಬಯಲಿನ ಚಿತ್ರವೂ ಇತ್ತು. ಅವಳಿಗೆ ಹೆದರಿಕೆಯಾಯಿತು.

ಸೋಮವಾರ, ಪ್ರಬಂಧ ಪ್ರಕಟಿಸಿದ್ದ ಪತ್ರಿಕೆಯ ಸಂಪಾದಕರಿಗೆ ಬರೆದಳು. ಐದು ಬೇಸಿನ್‌ಗಳನ್ನು ವಾರಕ್ಕೊಮ್ಮೆ ತೊಳೆಯಲಾಗಿತ್ತು, ತಪ್ಪು ನನ್ನದು, ಪ್ರಬಂಧವನ್ನು ಹಿಂತೆಗೆದುಕೊಳ್ಳುತ್ತೇನೆ. ಆ ಆಟದ ಬಯಲಿನವರಿಗೂ ಬೇರೆಯಾಗಿ ಬರೆದಳು. ಬಡ್ತಿಯ ಅರ್ಜಿ ಚೀಲದಲ್ಲೇ ಉಳಿಯಿತು. ಕಾಂತರಾಜ್ ಆಮೇಲೆ ಅಂಕಿಯ ಮಾತೆತ್ತಲಿಲ್ಲ. ಹದಿನೈದು ದಿನ ಕಳೆದು ಅವಳೇ ನೋಡಿದಾಗ ಇನ್ನೂರ ನಲವತ್ತೆರಡಾಗಿತ್ತು. ಸಂಪಾದಕರಿಂದ ಉತ್ತರ ಬಂದಿರಲಿಲ್ಲ, ಅಷ್ಟರಲ್ಲಿ ಇನ್ನಿಬ್ಬರು ಉಲ್ಲೇಖಿಸಿದ್ದರು.

ಅದಕ್ಕೂ ಮೊದಲು, ಮಾರ್ಚ್ ಒಂದನೇ ತಾರೀಕು, ಅವಳು ಮತ್ತೆ ಕೋರಮಂಡಲ್‌ಗೆ ಹೋಗಿ ಬಂದಿದ್ದಳು. ಒಂದು ತಿಂಗಳು ಬೇಸಿನ್ ಮುಟ್ಟಬಾರದು ಎಂದು ಪಿಳ್ಳಮ್ಮನಿಗೆ ಈ ಸಲ ಬಿಡಿಸಿ ಹೇಳಿದಳು.

"ಅಂಗೇ ಕೊಳೆ ಬಿಡೋದಾ?"

"ಹಾಗೇ ಬಿಡಿ."

"ಮೊದ್ಲು ತೊಳ್ದಿದ್ದು ತಪ್ಪಾಯ್ತಾ ಮೇಡಮ್ಮಾ?"

"ಇಲ್ಲ ಪಿಳ್ಳಮ್ಮ. ನಾನು ಕೇಳ್ಬೇಕಿತ್ತು, ಕೇಳ್ಲಿಲ್ಲ."

ಏಪ್ರಿಲ್ ಒಂದರಂದು ಹೋದಾಗ ಪಿಳ್ಳಮ್ಮ ಬೇಲಿಯ ಹತ್ತಿರವೇ ಕಾಯುತ್ತಿದ್ದಳು. ತನ್ನ ಹಿತ್ತಿಲಿನ ಕಂಬಕ್ಕೆ, ದಾರಿಯಲ್ಲಿ ಹೋಗುವವರ ಕಣ್ಣಿಗೆ ಬೀಳದಂತೆ, ಹಳೆಯ ಸೀರೆಯನ್ನು ತಟ್ಟಿಯ ಹಾಗೆ ಅಡ್ಡ ಕಟ್ಟಿದ್ದಳು. ಆ ಸೀರೆ ಎಷ್ಟು ಧೂಳು ತಡೆದಿರಬಹುದೆಂದು ಶಶಿರೇಖ ಮನಸ್ಸಿನಲ್ಲೇ ಲೆಕ್ಕ ಹಾಕಿ, ಪುಸ್ತಕದಲ್ಲಿ ಅದನ್ನೂ ಬರೆದುಕೊಂಡಳು. ನಾಲ್ಕು ಬೇಸಿನ್‌ಗಳ ಧೂಳನ್ನು ಬ್ರಷ್‌ನಿಂದ ಕವರುಗಳಿಗೆ ಇಳಿಸುವಷ್ಟರಲ್ಲಿ ರೈಲಿನ ಹೊತ್ತಾಯಿತು. ಐದನೆಯದನ್ನು ಪಿಳ್ಳಮ್ಮ ಎರಡೂ ಕೈಯಲ್ಲಿ ಇಳಿಸಿ ತಂದಳು. ತಳ ಕಾಣದ ಹಾಗೆ ಬೆಳ್ಳಗೆ ಕೂತಿತ್ತು.

"ನೋಡ್ಕಳಿ. ನಮ್ ಮನೆ ಕೊಳೆ ಇಷ್ಟು," ಎಂದು ಮುಖ ಆ ಕಡೆ ತಿರುಗಿಸಿಕೊಂಡಳು.

ಶಶಿರೇಖ ಬೇಸಿನ್ ಬಾಯಿಗೆ ಕರವಸ್ತ್ರ ಕಟ್ಟಿ, ಬಂಗಾರಪೇಟೆ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತಳು. ಎದುರಿಗೆ, ಕಿಟಕಿಯ ಪಕ್ಕ, ಹೂವಿನ ಬುಟ್ಟಿಯ ಹೆಂಗಸೊಬ್ಬಳು ಸ್ವಲ್ಪ ಹೊತ್ತು ಅದನ್ನೇ ನೋಡಿದಳು.

"ಏನಮ್ಮಾ ಅದು, ಪ್ರಸಾದನಾ?"

"ಅಲ್ಲ. ಧೂಳು."

"ಬೇಕಾ ಅದು?"

"ಬೇಕು."

ಬೋಗಿಯೊಳಗೆ ಕುದಿಯುವ ಸೆಕೆ. ಹೆಂಗಸು ಎದ್ದು ನಿಂತು, ಗಾಳಿ ಬರುತ್ತಿದ್ದ ಆ ಒಂದೇ ಕಿಟಕಿಯ ಶಟರ್ ಎಳೆದು ಮುಚ್ಚಿ, ಸೆರಗಿನಿಂದ ಮುಖಕ್ಕೆ ಗಾಳಿ ಹಾಕಿಕೊಳ್ಳುತ್ತ ಕೂತಳು.